ರಿವರ್ ಕ್ರೂಸ್: ಹಡಗಿಗಿಂತ ಮೊದಲು ನದಿ ನೋಡಿ

"ಯಾವ ಕಂಪನಿ ಒಳ್ಳೇದು?" ರಿವರ್ ಕ್ರೂಸ್ ವಿಚಾರಿಸುವವರ ಮೊದಲ ಪ್ರಶ್ನೆ ಇದೇ. ಚಿಕ್ಕಮಗಳೂರಿನ ತೋಟದವರಾದರೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ್ದು, ಯಾವ ತಿಂಗಳು ತೋಟ ಬಿಟ್ಟು ಹೊರಡಲು ಆಗುತ್ತದೆ ಎಂಬುದು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ, ಮಾರ್ಚ್-ಏಪ್ರಿಲಿನಲ್ಲಿ ಹೂಮಳೆ. ಯುರೋಪಿನ ನದಿ ಹಡಗುಗಳ ಮುಖ್ಯ ಸೀಸನ್ ಏಪ್ರಿಲಿನಿಂದ ಅಕ್ಟೋಬರ್. ಕ್ರಿಸ್‌ಮಸ್ ಸಂತೆಗಳ ಟ್ರಿಪ್ ಶುರುವಾಗುವುದು ನವೆಂಬರ್ ಕೊನೆಗೆ, ಕಣದಲ್ಲಿ ಕಾಫಿ ಹರಡಿರುವ ಹೊತ್ತಿಗೆ. ನಿಮಗೆ ಉಳಿಯುವುದು ಮೇ, ಇಲ್ಲವೇ ಮಳೆ ಇಳಿದ ಮೇಲಿನ ಸೆಪ್ಟೆಂಬರ್. ಎರಡರಲ್ಲಿ ನಾವು ಹೇಳುವುದು ಮೇ. ಕಾರಣ ನೀರು.

ಬೇಸಿಗೆಯಲ್ಲಿ ಹೇಮಾವತಿಯ ಬಂಡೆಗಳು ಎದ್ದು ಕಾಣುತ್ತವಲ್ಲ, ಹಾಗೆ ರೈನ್, ಡಾನ್ಯೂಬ್, ಎಲ್ಬೆ ನದಿಗಳಲ್ಲೂ ಅಲ್ಲಿನ ಬೇಸಿಗೆಯ ಕೊನೆಗೆ ನೀರು ಇಳಿಯುತ್ತದೆ. 2022ರ ಆಗಸ್ಟಿನಲ್ಲಿ ರೈನ್ ದಂಡೆಯ ಕೌಬ್ ಊರಿನ ನೀರಿನ ಮಾಪಕದಲ್ಲಿ ಮಟ್ಟ 40 ಸೆಂಟಿಮೀಟರಿಗಿಂತ ಕೆಳಗೆ ಹೋಗಿತ್ತು. (ಮಾಪಕದ ಅಂಕಿ ನದಿಯ ಪೂರ್ತಿ ಆಳವಲ್ಲ, ಹಡಗು ಸಾಗುವ ದಾರಿ ಅದಕ್ಕಿಂತ ಆಳ.) ಡಾನ್ಯೂಬಿನಲ್ಲಿ ತೊಂದರೆ ಕೊಡುವುದು ಜರ್ಮನಿಯ ಸ್ಟ್ರಾಬಿಂಗ್‌ನಿಂದ ವಿಲ್ಸ್‌ಹೋಫನ್‌ವರೆಗಿನ ಸುಮಾರು 70 ಕಿ.ಮೀ. ಅಲ್ಲಿ ನೀರು ಹಿಡಿದಿಡುವ ಅಣೆಕಟ್ಟು ಇಲ್ಲ. ನೀರು ಹೆಚ್ಚಾದರೂ ಹಡಗು ನಿಲ್ಲುತ್ತದೆ, ಸೇತುವೆಯ ಕೆಳಗೆ ನುಸುಳಲು ಜಾಗ ಸಾಲುವುದಿಲ್ಲ. 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ಡಾನ್ಯೂಬಿನಲ್ಲಿ ಹಡಗುಗಳು ನಿಂತದ್ದು ಹೀಗೆ. ಮೇ ತಿಂಗಳಲ್ಲೂ ಹಿಮ ಕರಗಿ ನೀರು ಏರುವುದುಂಟು. ಆದರೆ ಏರಿದ ನೀರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ, ಬತ್ತಿದ ನದಿ ವಾರಗಟ್ಟಲೆ ಹಾಗೇ ಇರುತ್ತದೆ.

ಕಂಪನಿ ಯಾವುದು ಎಂಬ ಮಾತು ಬರುವುದು ಈಗ. ದಾರಿ ನಡುವೆ ತಡೆಯಾದರೆ, ಅದೇ ಕಂಪನಿಯ ಇನ್ನೊಂದು ಹಡಗು ತಡೆಯ ಆಚೆ ಇದ್ದರೆ, ಪ್ರಯಾಣಿಕರನ್ನು ಬಸ್ಸಿನಲ್ಲಿ ಸಾಗಿಸಿ ಆ ಹಡಗಿಗೆ ಹತ್ತಿಸುತ್ತಾರೆ. ಎರಡೂ ಹಡಗು ಒಂದೇ ನಮೂನೆಯದಾದರೆ ನಿಮ್ಮ ಕ್ಯಾಬಿನ್ ನಂಬರೂ ಬದಲಾಗುವುದಿಲ್ಲ. ಆ ನದಿಯಲ್ಲಿ ಒಂದೇ ಹಡಗು ಇಟ್ಟಿರುವ ಕಂಪನಿಗೆ ಇದು ಸಾಧ್ಯವಿಲ್ಲ. ಹಡಗು ದಡದಲ್ಲೇ ನಿಂತ ಹೋಟೆಲ್ ಆಗುತ್ತದೆ, ಊರು ನೋಡಲು ದಿನಾ ಗಂಟೆಗಟ್ಟಲೆ ಬಸ್ ಪ್ರಯಾಣ. ಆದ್ದರಿಂದ ಕೇಳಿ: ಈ ನದಿಯಲ್ಲಿ ನಿಮ್ಮ ಹಡಗುಗಳು ಎಷ್ಟು? ಒಂದೇ ನಮೂನೆಯವು ಎಷ್ಟು? ದಾರಿ ಬದಲಾದರೆ ಹಣ ವಾಪಸ್ ಉಂಟೇ? ನೀರಿನ ಕಾರಣಕ್ಕೆ ದಾರಿ ಬದಲಿಸುವ ಹಕ್ಕು ತಮ್ಮದೆಂದು ಕಂಪನಿಗಳು ಕರಾರಿನಲ್ಲಿ ಬರೆದುಕೊಂಡಿರುತ್ತವೆ. ಆ ಪುಟವನ್ನು ಅಡ್ವಾನ್ಸ್ ಕಟ್ಟುವ ಮೊದಲೇ ಓದಿ.

ಬ್ರೋಷರಿನ ಫೋಟೋಗಳಲ್ಲಿ ಹಡಗುಗಳೆಲ್ಲ ಒಂದೇ ತರಹ ಕಾಣುವುದಕ್ಕೂ ಕಾರಣವಿದೆ. ರೈನ್, ಡಾನ್ಯೂಬ್‌ಗಳನ್ನು ಜೋಡಿಸುವ, 1992ರಲ್ಲಿ ಪೂರ್ತಿಯಾದ ಮೈನ್-ಡಾನ್ಯೂಬ್ ಕಾಲುವೆಯಲ್ಲಿ 16 ಲಾಕ್‌ಗಳಿವೆ. ಲಾಕ್ ಎಂದರೆ ಹಡಗನ್ನು ಒಳಗೆ ಬಿಟ್ಟು ಗೇಟು ಮುಚ್ಚಿ, ನೀರು ತುಂಬಿ ಅಥವಾ ಇಳಿಸಿ, ಮೇಲಿನ ಇಲ್ಲವೇ ಕೆಳಗಿನ ಮಟ್ಟಕ್ಕೆ ದಾಟಿಸುವ ತೊಟ್ಟಿ. ಅದರ ಅಗಲ 12 ಮೀಟರ್. ಹಾಗಾಗಿ ಹಡಗಿನ ಅಗಲ 11.4 ಮೀಟರಿನಷ್ಟು, ಉದ್ದ ಹೆಚ್ಚೆಂದರೆ 135 ಮೀಟರ್. ವ್ಯತ್ಯಾಸವಿರುವುದು ಒಳಗೆ ಎಷ್ಟು ಜನರನ್ನು ತುಂಬುತ್ತಾರೆ ಎಂಬುದರಲ್ಲಿ. 135 ಮೀಟರಿನ ಹಡಗಿನಲ್ಲಿ ವೈಕಿಂಗ್ ಕಂಪನಿ 190 ಜನರಿಗೆ ಜಾಗ ಮಾಡಿದೆ, ಟೌಕ್ ಕಂಪನಿ 130 ಜನರಿಗೆ. ದರದ ಅಂತರಕ್ಕೆ ಇದೊಂದು ಕಾರಣ.

ಉಳಿದದ್ದು ಯಾರಿಗೆ ಏನು ಬೇಕು ಎಂಬುದು. ಮೊಮ್ಮಕ್ಕಳನ್ನು ಕರೆದೊಯ್ಯುವುದಾದರೆ ವೈಕಿಂಗ್ ಆಗದು, 18 ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ಸೈಕಲ್ ಹೊಡೆಯುವವರಿಗೆ ಅಮಾವಾಟರ್‌ವೇಸ್ ಹಡಗಿನಲ್ಲೇ ಸೈಕಲ್ ಇಟ್ಟಿರುತ್ತದೆ. ಮಂಚದಿಂದಲೇ ನದಿ ನೋಡಬೇಕೆಂದರೆ ಅವಲಾನ್ ಕಂಪನಿಯ ಸೂಟ್‌ಗಳಲ್ಲಿ (ದೊಡ್ಡ ಕ್ಯಾಬಿನ್) ಮಂಚ ಕಿಟಕಿಗೆ ಮುಖಮಾಡಿದೆ. ಮದ್ಯ, ಟಿಪ್ಸ್ ಎಲ್ಲ ಸೇರಿದ ದರ ಸೀನಿಕ್‌ನದು. ಮನೆಯಲ್ಲಿ ಯಾರೂ ಕುಡಿಯದಿದ್ದರೆ ಆ ಹೆಚ್ಚಿನ ದರದಲ್ಲಿ ಒಂದು ಪಾಲು ಸುಮ್ಮನೆ ಕೊಟ್ಟಂತೆ. ಕ್ರುವಾಸಿಯುರೋಪ್ ಫ್ರಾನ್ಸಿನ ಕಂಪನಿ, ಹಡಗಿನಲ್ಲಿ ಫ್ರೆಂಚರು ಬಹಳ. ಭಾಷೆ ಬರದಿದ್ದರೆ ನಿಮ್ಮ ತಾರೀಖಿನ ಟ್ರಿಪ್‌ನಲ್ಲಿ ಇಂಗ್ಲಿಷ್ ಗೈಡ್ ಇದ್ದಾರೆಯೇ ಎಂದು ಖಚಿತಮಾಡಿಕೊಳ್ಳಿ.

ಕ್ಯಾಬಿನ್ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ಬಾಲ್ಕನಿಗೆ ಸುರಿಯುವ ಹಣ ಬಹುಪಾಲು ದಂಡ. ಊರುಗಳ ದಂಡೆಯಲ್ಲಿ ಜಾಗ ಕಡಿಮೆ, ಎರಡು ಮೂರು ಹಡಗು ಒತ್ತೊತ್ತಾಗಿ ನಿಲ್ಲುತ್ತವೆ. ಆಗ ಬಾಲ್ಕನಿಯಿಂದ ಕಾಣುವುದು ಪಕ್ಕದ ಹಡಗಿನ ಪರದೆ. ಕೆಳ ಡೆಕ್‌ನಲ್ಲಿ ಕಿಟಕಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ, ಚಿಕ್ಕದು. ಆದರೂ ಹಗಲೆಲ್ಲ ಹೊರಗೇ ಇರುವವರಿಗೆ ಅದು ಸಾಕು. ಮಂಡಿನೋವಿದ್ದರೆ ಮಾತ್ರ ಬೇಡ, ಎಷ್ಟೋ ಹಡಗುಗಳಲ್ಲಿ ಲಿಫ್ಟ್ ಅಲ್ಲಿಗೆ ಇಳಿಯುವುದಿಲ್ಲ. ಹಿಂಭಾಗದ ಕೊನೆಯ ಕ್ಯಾಬಿನ್‌ಗಳಲ್ಲಿ ಎಂಜಿನ್ ಸದ್ದು ಜಾಸ್ತಿ, ನಡುವಿನವು ಒಳ್ಳೆಯವು.

ಊಟದ ಬಗ್ಗೆ ಬುಕಿಂಗ್ ಸಮಯದಲ್ಲೇ ಬರೆದುಕೊಡಿ. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಮೊಟ್ಟೆ ಬರುತ್ತದೆ, ಸೂಪಿಗೆ ಕೋಳಿಯ ಸಾರು ಬೀಳಬಹುದು. ಮೊಟ್ಟೆ, ಮೀನು, ಮಾಂಸದ ಸಾರು, ಜೆಲಟಿನ್ ಬೇಡ, ದಿನಾ ಒಂದು ಹೊತ್ತು ಅನ್ನ ಬೇಕು ಎಂದು ಒಂದೊಂದಾಗಿ ಬರೆಯಿರಿ. ಹಡಗಿನ ಅಡುಗೆಮನೆ ಚಿಕ್ಕದು, ದಿನಸಿ ಮೊದಲೇ ಲೆಕ್ಕಹಾಕಿ ತುಂಬಿಸಿಕೊಳ್ಳುತ್ತಾರೆ. ಹತ್ತಿದ ಮೇಲೆ ಕೇಳಿದರೆ ಬೇಯಿಸಿದ ತರಕಾರಿ, ಬ್ರೆಡ್ಡೇ ಗತಿ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಬಹುದು. ತುಪ್ಪ, ಪೇಡ ಬೇಡ: ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರಲು ಯುರೋಪಿಯನ್ ಒಕ್ಕೂಟದ ನಿಯಮ ಬಿಡುವುದಿಲ್ಲ. ಕ್ಯಾಬಿನ್‌ನಲ್ಲಿ ಎಲೆಕ್ಟ್ರಿಕ್ ಕುಕ್ಕರ್ ಹಚ್ಚುವ ಯೋಚನೆಯನ್ನೂ ಬಿಡಿ, ಬೆಂಕಿಯ ಭಯಕ್ಕೆ ಅದಕ್ಕೆ ಅನುಮತಿ ಇರುವುದಿಲ್ಲ.

ಷೆಂಗೆನ್ ವೀಸಾಕ್ಕೆ (ಯುರೋಪಿನ ಬಹುತೇಕ ದೇಶಗಳಿಗೆ ಸೇರಿ ಇದೊಂದೇ ವೀಸಾ) ಅರ್ಜಿ ಹೊರಡುವ 6 ತಿಂಗಳ ಮೊದಲಿನಿಂದ ಹಾಕಬಹುದು, ಕೊನೆಯ ಗಡುವು 15 ದಿನ, ಅಷ್ಟು ಕಾಯಬೇಡಿ. ಹಡಗು ನಾಲ್ಕು ದೇಶ ಮುಟ್ಟಿದರೂ ಅರ್ಜಿ ಹೋಗಬೇಕಾದ್ದು ಹೆಚ್ಚು ದಿನ ಕಳೆಯುವ ದೇಶಕ್ಕೆ, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಬುಡಾಪೆಸ್ಟ್‌ನಿಂದ ಕೆಳಗೆ ಬೆಲ್‌ಗ್ರೇಡ್ ಕಡೆ ಹೋಗುವ ಟ್ರಿಪ್ ಆರಿಸಿದ್ದರೆ ಒಂದು ಎಚ್ಚರ: ಸರ್ಬಿಯಾ ಷೆಂಗೆನ್ ಹೊರಗಿದೆ. ಮತ್ತೆ ರೊಮೇನಿಯಾ ಅಥವಾ ಬಲ್ಗೇರಿಯಾಕ್ಕೆ ಕಾಲಿಡುವಾಗ ಅದು ಎರಡನೇ ಪ್ರವೇಶ, ಅರ್ಜಿಯಲ್ಲಿ ಮಲ್ಟಿಪಲ್ ಎಂಟ್ರಿಗೇ ಗುರುತು ಹಾಕಿ.