ಡೇಟಾ ಬೈಂಡಿಂಗ್: ಯಾವ ಎಳೆಗೆ ಯಾವ ಎಳೆ?

ದಾವಣಗೆರೆಯಲ್ಲಿ ಬೈಂಡಿಂಗ್ ಅಂದರೆ ನೋಟ್‌ಬುಕ್ಕಿನದು. ಹಾಗಾಗಿ ನಾನು "ಡೇಟಾ ಬೈಂಡಿಂಗ್ ತಪ್ಪಾಗಿದೆ ಸಾರ್" ಅಂದಾಗ ಸೀರೆ ಅಂಗಡಿ ಯಜಮಾನರು "ಯಾವ ಲೆಡ್ಜರ್ ಹರಿದೋಯ್ತಪ್ಪ?" ಅಂತ ಕೇಳಿದ್ದರಲ್ಲಿ ತಪ್ಪೇನಿಲ್ಲ.

ಅವರದು ಮೊಳಕಾಲ್ಮೂರು ರೇಷ್ಮೆ ಸೀರೆ ವ್ಯಾಪಾರ. ಆನ್‌ಲೈನ್ ಅಂಗಡಿ ಮೆಜೆಂಟೊ 2 ಅನ್ನುವ ಇ-ಕಾಮರ್ಸ್ ಸಾಫ್ಟ್‌ವೇರಿನಲ್ಲಿದೆ. ಅದರ ಅಡ್ಮಿನ್‌ನಲ್ಲಿ ನೇಕಾರರ ವಿವರಕ್ಕೆ ನಾನೊಂದು ಫಾರ್ಮ್ ಮಾಡಿಕೊಟ್ಟಿದ್ದೆ. ಹೆಸರು, ಊರು, ಫೋನು, ಮಗ್ಗ ಎಷ್ಟು, ಇಷ್ಟೇ. ಅಂಗಡಿ ಹುಡುಗ ಎಲ್ಲ ತುಂಬಿ ಸೇವ್ ಒತ್ತಿದ. ಸೇವ್ ಆಯ್ತು ಅಂತ ಹಸಿರು ಪಟ್ಟಿಯೂ ಬಂತು. ಮತ್ತೆ ತೆರೆದರೆ ಹೆಸರು, ಊರು, ಫೋನು ಇವೆ, ಮಗ್ಗದ ಬಾಕ್ಸ್ ಮಾತ್ರ ಖಾಲಿ.

ಪರದೆ ಮೇಲಿನ ಬಾಕ್ಸಿಗೆ ಡೇಟಾದಲ್ಲಿರುವ ಒಂದು ಮೌಲ್ಯವನ್ನು (ವ್ಯಾಲ್ಯೂ) ಕಟ್ಟಿಹಾಕುವುದೇ ಡೇಟಾ ಬೈಂಡಿಂಗ್. ಡೇಟಾ ಬದಲಾದರೆ ಬಾಕ್ಸ್ ಬದಲಾಗಬೇಕು, ಬಾಕ್ಸಿನಲ್ಲಿ ಬರೆದದ್ದು ಡೇಟಾಕ್ಕೆ ಹೋಗಬೇಕು. ಮೆಜೆಂಟೊದಲ್ಲಿ ಬ್ರೌಸರ್ ಕಡೆ ಈ ಕೆಲಸ ಮಾಡುವುದು ನಾಕ್‌ಔಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಯಾವುದನ್ನು ಯಾವುದಕ್ಕೆ ಕಟ್ಟಬೇಕು ಅಂತ ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದುಕೊಡುವುದು ನಮ್ಮ ಪಾಲಿನ ಕೆಲಸ.

ಯಜಮಾನರಿಗೆ ಇದನ್ನು ಮಗ್ಗದ ಲೆಕ್ಕದಲ್ಲೇ ಹೇಳಿದೆ. ಒಂದು ಹಾಸು ಮುಗಿಯುತ್ತಾ ಬಂದಾಗ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ ಅಲ್ವಾ? ಯಾವ ಎಳೆಗೆ ಯಾವುದು ಅನ್ನುವುದು ಅಲ್ಲಿ ಮುಖ್ಯ. ಇಲ್ಲೂ ಅಷ್ಟೇ. "ಹಂಗಾದ್ರೆ ಒಂದೆಳೆ ಬಿಟ್ಟಿದೀಯ" ಅಂದರು. ನಿಜ, ಬಿಟ್ಟಿದ್ದೆ.

ಆ ಎಳೆಯ ಹೆಸರು ಡೇಟಾಸ್ಕೋಪ್. ಫೀಲ್ಡಿನ, ಅಂದರೆ ಫಾರ್ಮಿನ ಒಂದು ಬಾಕ್ಸಿನ, ಮೌಲ್ಯ ಡೇಟಾದಲ್ಲಿ ಎಲ್ಲಿದೆ ಅನ್ನುವ ವಿಳಾಸ ಅದು. ಬರೆಯದೆ ಬಿಟ್ಟರೆ ಫೀಲ್ಡಿನ ಹೆಸರೇ ವಿಳಾಸವಾಗುತ್ತದೆ, ಎಷ್ಟೋ ಸಲ ಅದೇ ಸಾಕು. ನಾನು ಸುಮ್ನೆ ಇರಲಾರದೆ ಬರೆದೆ. ಮಾಹಿತಿ ಉಳಿಯುವ ಡೇಟಾಬೇಸ್ ಟೇಬಲ್ಲಿನಲ್ಲಿ ಕಾಲಂ 'ಲೂಮ್_ಕೌಂಟ್', ಡೇಟಾಸ್ಕೋಪಿನಲ್ಲಿ ಬರೆದದ್ದು 'ಲೂಮ್ಸ್'. ಬಾಕ್ಸಿನಲ್ಲಿ ತುಂಬಿದ 4 'ಲೂಮ್ಸ್' ಅನ್ನುವ ಹೆಸರಿನಲ್ಲಿ ಹೋಯಿತು. ಆ ಹೆಸರಿನ ಕಾಲಂ ಇಲ್ಲ, ಹಾಗಾಗಿ ಸದ್ದಿಲ್ಲದೆ ಬಿದ್ದುಹೋಯಿತು. ಎರರ್ ಬಂದಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಬೈಂಡಿಂಗ್ ತಪ್ಪುಗಳು ಜಾಸ್ತಿ ಸಲ ಎರರ್ ಕೊಡುವುದಿಲ್ಲ, ಅದೇ ತಲೆನೋವು. ಫೀಲ್ಡ್‌ಸೆಟ್ಟಿಗೂ (ಫೀಲ್ಡುಗಳ ಗುಂಪಿಗೂ) ಬೇರೆ ಡೇಟಾಸ್ಕೋಪ್ ಕೊಟ್ಟರೆ ವಿಳಾಸ ಇನ್ನಷ್ಟು ಉದ್ದವಾಗುತ್ತದೆ, ತಪ್ಪುವುದೂ ಸುಲಭವಾಗುತ್ತದೆ.

ಒಂದು ಬಾಕ್ಸಿನ ಬದಲು ಇಡೀ ಫಾರ್ಮೇ ಖಾಲಿ ಬಂದರೆ? ಆಗ ಮೊದಲು ಟೇಬಲ್ ನೋಡಿ. ಅಲ್ಲಿ ಎಲ್ಲ ಸರಿಯಾಗಿದ್ದರೆ ನನ್ನ ಅನುಮಾನ ಫಾರ್ಮಿಗೆ ಡೇಟಾ ತಂದುಕೊಡುವ ಡೇಟಾಪ್ರೊವೈಡರ್ ಅನ್ನುವ ಕೋಡಿನ ಮೇಲೆ. ಅದರ ಗೆಟ್‌ಡೇಟಾ ಅನ್ನುವ ಫಂಕ್ಷನ್ ವಾಪಸ್ ಕೊಡುವ ಅರ್ರೇಯಲ್ಲಿ (ಪಟ್ಟಿಯಲ್ಲಿ) ದಾಖಲೆಯ ಐಡಿಯೇ ಕೀ, ಅಂದರೆ ಹುಡುಕುವ ಗುರುತು, ಆಗಿರಬೇಕು. 17ನೇ ನೇಕಾರರ ವಿವರ 17 ಅನ್ನುವ ಕೀ ಕೆಳಗೆ ಇರಬೇಕು. ಸೊನ್ನೆಯಿಂದ ಸಾಲಾಗಿ ಜೋಡಿಸಿ ಕೊಟ್ಟರೆ ಫಾರ್ಮ್ 17ನ್ನು ಹುಡುಕುತ್ತದೆ, ಸಿಗದೆ ಖಾಲಿ ನಿಲ್ಲುತ್ತದೆ.

ಹೌದು-ಇಲ್ಲ ಸ್ವಿಚ್ಚಿಗೆ ಇನ್ನೊಂದು ಕಿರಿಕಿರಿ ಇದೆ. ಟೇಬಲ್ಲಿಗೆ 1, 0 ಬೇಕು, ಸ್ವಿಚ್ಚು ತನ್ನಷ್ಟಕ್ಕೆ ಕೊಡುವುದು ಟ್ರೂ, ಫಾಲ್ಸ್. ವ್ಯಾಲ್ಯೂಮ್ಯಾಪ್‌ನಲ್ಲಿ ಯಾವುದಕ್ಕೆ ಯಾವುದು ಅಂತ ಬರೆದುಕೊಡಬೇಕು.

ಮಗ್ಗದ ಬಾಕ್ಸ್ ಸರಿಮಾಡಲು ಒಂದೇ ಸಾಲು ತಿದ್ದಿದೆ. ಆದರೂ ಖಾಲಿ. ಎಕ್ಸ್‌ಎಂಎಲ್ ಬದಲಿಸಿದ ಮೇಲೆ ಕ್ಯಾಶ್, ಅಂದರೆ ಮೆಜೆಂಟೊ ಉಳಿಸಿಟ್ಟುಕೊಂಡ ಹಳೆಯ ಪ್ರತಿ, ತೆಗೆಯಬೇಕು ಅನ್ನುವುದನ್ನೇ ಮರೆತಿದ್ದೆ. ತೆಗೆದ ಮೇಲೆ ಹುಡುಗನನ್ನು ಕರೆದು, ಮಗ್ಗದ ಲೆಕ್ಕವನ್ನೆಲ್ಲ ಇನ್ನೊಂದು ಸಲ ತುಂಬಪ್ಪ ಅಂದೆ. ಹಳೆಯದು ಎಲ್ಲೂ ಉಳಿದಿರಲಿಲ್ಲವಲ್ಲ.