ಅರಕಿಲ್ಲೆಯ ಮಹಲುಗಳು ಕಚೇರಿಗಳಾದ ಬಗೆ: ಒಂದು ಅಧ್ಯಯನ ಟಿಪ್ಪಣಿ

ವಿಜಯಪುರದ ಆದಿಲ್ ಶಾಹಿ ಅರಮನೆಗಳನ್ನು ಓದುವಾಗ ನಾವು ಸಾಮಾನ್ಯವಾಗಿ 1686ಕ್ಕೆ ಪುಸ್ತಕ ಮುಚ್ಚುತ್ತೇವೆ. ಸಿಕಂದರ್ ಆದಿಲ್ ಶಾಹ ಔರಂಗಜೇಬನಿಗೆ ಶರಣಾದ, ರಾಜ್ಯ ಅಳಿಯಿತು, ಮಹಲುಗಳು ಪಾಳುಬಿದ್ದವು ಎಂದು ಬರೆದು ಮುಗಿಸಿದರೆ ಅದು ಅರ್ಧ ಉತ್ತರವಷ್ಟೆ. ಏಕೆಂದರೆ ಊರಿನ ಒಳಕೋಟೆಯಾದ ಅರಕಿಲ್ಲೆಯೊಳಗಿನ ಕೆಲವು ಕಟ್ಟಡಗಳಿಗೆ ಇನ್ನೂರು ವರ್ಷಗಳ ತರುವಾಯ ಸರ್ಕಾರಿ ಕಚೇರಿಗಳಾಗಿ ಎರಡನೆಯ ಬಾಳು ಒದಗಿತು.

ನಡುವಿನ ಕಾಲವನ್ನು ಚುಟುಕಾಗಿ ನೆನಪಿಟ್ಟರೆ ಸಾಕು. ಊರು ಮೊಘಲರಿಂದ ನಿಜಾಮನಿಗೆ, 1760ರಲ್ಲಿ ಪೇಶ್ವೆಗಳಿಗೆ, 1818ರಲ್ಲಿ ಸಾತಾರದ ರಾಜನಿಗೆ, 1848ರಲ್ಲಿ ಬ್ರಿಟಿಷರಿಗೆ ಸೇರಿತು. ಬ್ರಿಟಿಷರು ರಚಿಸಿದ ಜಿಲ್ಲೆಯ ಕೇಂದ್ರ ಮೊದಲು ಇದ್ದದ್ದು ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಕಲಾದಗಿಯಲ್ಲಿ. 1884ರಲ್ಲಿ ಹೊಟಗಿ–ಗದಗ ರೈಲು ಮಾರ್ಗ ವಿಜಯಪುರವನ್ನು ಹಾಯ್ದು ಹೋಯಿತು. ಮರುವರ್ಷ, 1885ರಲ್ಲಿ, ಜಿಲ್ಲಾ ಕೇಂದ್ರವೂ ಇಲ್ಲಿಗೆ ಬಂತು. ಕೇಂದ್ರವೆಂದ ಮೇಲೆ ಕಂದಾಯದ ದಫ್ತರಗಳನ್ನು ಇಡಲು ಕೋಣೆ ಬೇಕು, ಗುಮಾಸ್ತರಿಗೆ ಜಾಗ ಬೇಕು, ಅಧಿಕಾರಿಗಳಿಗೆ ವಸತಿ ಬೇಕು. ಬಿಸಿಲು ತಡೆಯುವ ದಪ್ಪ ಗೋಡೆಯ ಮಹಲುಗಳು ಅರಕಿಲ್ಲೆಯಲ್ಲಿ ಸಿದ್ಧವಾಗಿಯೇ ನಿಂತಿದ್ದವು.

ಅವುಗಳಲ್ಲಿ ಮುಖ್ಯವಾದುದು ಚೀನಿ ಮಹಲ್. ಪಿಂಗಾಣಿ ಚೂರುಗಳು ಹೇರಳವಾಗಿ ಸಿಕ್ಕಿದ್ದರಿಂದ ಆ ಹೆಸರು ಬಂತೆನ್ನುತ್ತಾರೆ. ಅದರ ವಿಶಾಲವಾದ ದರ್ಬಾರು ಅಂಗಣದ ಸುತ್ತಲಿನ ಭಾಗಗಳು ಕಚೇರಿಗಳಾದವು. ಎರಡನೆಯ ಇಬ್ರಾಹಿಂ 1589ರಲ್ಲಿ ಕಟ್ಟಿಸಿದ ಆನಂದ ಮಹಲ್ ಕೂಡ ಆಡಳಿತದ ಬಳಕೆಗೆ ಸಿಕ್ಕಿತು. ಇದನ್ನು ಬರೀ ಹಾನಿಯೆಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಕಚೇರಿಗೆಂದು ಕಮಾನನ್ನು ಮುಚ್ಚಿ ಗೋಡೆ ಎಬ್ಬಿಸಿದಾಗ, ಹಳೆಯ ಗಚ್ಚಿನ ಮೇಲೆ ಸುಣ್ಣ ಬಳಿದಾಗ ಮೂಲರೂಪ ಮರೆಯಾಗುತ್ತದೆ, ನಿಜ. ಆದರೆ ಜನ ಕುಳಿತು ಕೆಲಸ ಮಾಡುವ ಕಟ್ಟಡದ ಮಾಳಿಗೆ ಸೋರಿದರೆ ಯಾರಾದರೂ ದುರಸ್ತಿ ಮಾಡಿಸಲೇಬೇಕು. ಹತ್ತಿರದಲ್ಲೇ ಇರುವ ಗಗನ ಮಹಲನ್ನು ಹೋಲಿಸಿ ನೋಡಿ: 60 ಅಡಿಗೂ ಮಿಗಿಲಾದ ಹರವಿನ ಅದರ ನಡುಗಮಾನು ಇಂದಿಗೂ ಬೆರಗು ಹುಟ್ಟಿಸುತ್ತದೆ, ಆದರೆ ತೊಲೆಗಳೂ ಮಾಳಿಗೆಯೂ ಉಳಿದಿಲ್ಲ. ಅರಸರು ಇದ್ದ ಕೋಣೆಗಳನ್ನು ಅಲ್ಲಿ ನಾವು ಊಹಿಸಿಕೊಳ್ಳಬೇಕು.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೇ ಊರಿನಲ್ಲಿದೆ. ಅರಕಿಲ್ಲೆಯ ಕಂದಕದಾಚೆ, ಪೂರ್ವಕ್ಕೆ, ಕೊಳದ ಎದುರು ಎತ್ತರದ ಮರದ ಕಂಬಗಳನ್ನು ಹೊತ್ತು ನಿಂತಿರುವ ಅಸರ್ ಮಹಲನ್ನು ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ್ದು ನ್ಯಾಯಸ್ಥಾನವಾಗಿ. ಆಗ ಅದರ ಹೆಸರು ದಾದ್ ಮಹಲ್. ಪ್ರವಾದಿಯವರ ಗಡ್ಡದ ಕೂದಲನ್ನು ಅಲ್ಲಿ ಇರಿಸಿದ ಮೇಲೆ ಅದು ಪೂಜ್ಯಸ್ಥಳವಾಯಿತು. ಅರಮನೆ ಕಚೇರಿಯಾಗುವ ಮೊದಲೇ, ಆದಿಲ್ ಶಾಹಿಗಳ ಕಾಲದಲ್ಲೇ, ಕಚೇರಿಯೊಂದು ದರ್ಶನದ ಮನೆಯಾಗಿತ್ತು.