ಕಿವಿಗೆ ಹಿಂದಿನ ಪುಟವಿಲ್ಲ

ಜೂಲ್ಸ್ ವೆರ್ನ್‌ನ ಕಾದಂಬರಿಯಲ್ಲಿ ಫಿಲಿಯಾಸ್ ಫಾಗ್ 20,000 ಪೌಂಡ್ ಪಂದ್ಯ ಕಟ್ಟಿ, 80 ದಿನಗಳಲ್ಲಿ ಭೂಮಿ ಸುತ್ತಿ ಬರಲು ಲಂಡನ್ನಿನಿಂದ ಹೊರಡುತ್ತಾನೆ. ಗೆಲ್ಲುತ್ತಾನೆಂಬುದು ಓದಿದವರಿಗೆಲ್ಲ ಗೊತ್ತು. ಗೊತ್ತಿರುವ ಕಥೆಯಲ್ಲಿ ಆಟ ಎಲ್ಲಿಂದ ಬರಬೇಕು? 2014ರಲ್ಲಿ ಇದನ್ನು ‘80 ಡೇಸ್’ ಎಂಬ ವಿಡಿಯೊ ಆಟವಾಗಿಸಿದ ಇಂಗ್ಲೆಂಡಿನ ಇಂಕಲ್ ಸಂಸ್ಥೆ ನಮ್ಮನ್ನು ಫಾಗ್ ಮಾಡಲಿಲ್ಲ, ಅವನ ಆಳು ಪಾಸ್‌ಪಾರ್ತೂ ಮಾಡಿತು. ಪೆಟ್ಟಿಗೆ ತುಂಬುವುದು, ಟಿಕೆಟ್ ಹೊಂದಿಸುವುದು, ದಾರಿ ಆರಿಸುವುದು ಎಲ್ಲ ನಮ್ಮ ಪಾಲಿಗೆ. ಯಜಮಾನರು ಇಸ್ಪೀಟು ಆಡುತ್ತ ಕೂತಿರಲಿ ಬಿಡಿ.

ಆದರೆ ಅದು ಓದುವ ಆಟ. ಅಂಥದ್ದನ್ನು ಕಿವಿಯಿಂದಲೇ ಆಡುವ ಆಟ ಮಾಡಹೊರಟರೆ? 5 ಲಕ್ಷಕ್ಕೂ ಹೆಚ್ಚು ಇಂಗ್ಲಿಷ್ ಪದಗಳಿವೆ. ಅಷ್ಟನ್ನೂ ನಿಮಿಷಕ್ಕೆ 150 ಪದದಂತೆ ಓದಿ ಧ್ವನಿಮುದ್ರಿಸಿದರೆ 55 ಗಂಟೆ ದಾಟುತ್ತದೆ. ಕವಲೊಡೆಯುವ ಕಥೆಯ ಲೆಕ್ಕವೇ ಹಾಗೆ. ಒಂದೊಂದು ನಿಮಿಷಕ್ಕೊಮ್ಮೆ ಎರಡರಲ್ಲೊಂದನ್ನು ಆರಿಸಲು ಬಿಟ್ಟು, ಹತ್ತು ಆಯ್ಕೆ ಇಟ್ಟೆವೆನ್ನಿ. ಕೊನೆಗಳು 1,024, ಧ್ವನಿಮುದ್ರಿಸಬೇಕಾದ ತುಣುಕುಗಳು 2,047. ಅಂದರೆ 34 ಗಂಟೆಯ ದುಡಿಮೆ. ಕೇಳುಗ ಕೇಳುವುದು 11 ನಿಮಿಷ!

ಹಾಗಾಗಿ ಕಥೆಯನ್ನು ಮರದಂತೆ ಕವಲೊಡೆಯಲು ಬಿಡದೆ ಜಡೆಯಂತೆ ಹೆಣೆಯುತ್ತಾರೆ. ಎಳೆಗಳು ಬೇರೆಯಾಗುತ್ತವೆ, ಮುಂದಿನ ತಿರುವಿನಲ್ಲಿ ಮತ್ತೆ ಕೂಡುತ್ತವೆ. ಅದೇ ಹತ್ತು ಆಯ್ಕೆಗೆ ಈಗ 21 ತುಣುಕು ಸಾಕು. ನೀವು ಯಾರೋ ಕಾವಲುಗಾರನಿಗೆ ಸುಳ್ಳು ಹೇಳಿದ್ದರೆ ಅದನ್ನು ಮಾತ್ರ ಕಂಪ್ಯೂಟರ್ ನೆನಪಿಟ್ಟುಕೊಂಡು, ಆಮೇಲೆ ಯಾವಾಗಲೋ ಒಂದು ಮಾತಿನಲ್ಲಿ ಚುಚ್ಚುತ್ತದೆ. ಹಳೆಯ ಕಾದಂಬರಿ ಇಲ್ಲಿ ಕೈಹಿಡಿಯುತ್ತದೆ: ಎಳೆಗಳು ಕೂಡಬೇಕಾದ ಜಾಗಗಳು ಅದರಲ್ಲಿ ಆಗಲೇ ಇವೆ. ಹೇಗೆ ಸುತ್ತಿದರೂ ಫಾಗ್ ಲಂಡನ್ನಿಗೆ ಮರಳಲೇಬೇಕಲ್ಲ.

ನಿಜವಾದ ತೊಡಕಿರುವುದು ಕಿವಿಯಲ್ಲಿ. ಪರದೆಯ ಮೇಲೆ ಆರು ಆಯ್ಕೆಗಳಿದ್ದರೆ ಕಣ್ಣು ಮೇಲೆ ಕೆಳಗೆ ಓಡಾಡಿ ತೂಗಿ ನೋಡುತ್ತದೆ. ಕೇಳುವಾಗ ಆರನೆಯದು ಬರುವಷ್ಟರಲ್ಲಿ ಮೊದಲಿನದು ಜಾರಿರುತ್ತದೆ. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲ ಸಂಗತಿಗಳು ನಾಲ್ಕರ ಆಸುಪಾಸು. ಅದಕ್ಕೇ ಒಳ್ಳೆಯ ಶ್ರವ್ಯ ಆಟದಲ್ಲಿ ಆಯ್ಕೆ ಎರಡೋ ಮೂರೋ.

1997ರಲ್ಲಿ ಜಪಾನಿನ ಕೆಂಜಿ ಎನೋ ಸೆಗಾ ಸ್ಯಾಟರ್ನ್ ಎಂಬ ವಿಡಿಯೊ ಆಟದ ಯಂತ್ರಕ್ಕಾಗಿ ‘ರಿಯಲ್ ಸೌಂಡ್’ ಎಂಬ ಆಟ ತಂದ. ಪರದೆ ಪೂರ್ತಿ ಖಾಲಿ, ಕಥೆ ನಾಟಕದಂತೆ ಕೇಳಿಸುತ್ತದೆ, ಆರಿಸುವ ಗಳಿಗೆ ಬಂದಾಗ ಗಂಟೆಯ ದನಿ. ತನ್ನ ಹಿಂದಿನ ಆಟಗಳನ್ನು ಕಣ್ಣು ಕಾಣದವರು ಬರೀ ಸದ್ದು ಹಿಡಿದು ಆಡುತ್ತಿದ್ದರೆಂಬುದು ಅವನಿಗೆ ಪ್ರೇರಣೆ. ಸೂಚನೆಗಳನ್ನು ಬ್ರೈಲ್‌ನಲ್ಲೂ ಕೊಟ್ಟ. ಚಿತ್ರವಿಲ್ಲವೆಂಬುದನ್ನು ಕೊರತೆಯೆಂದು ಅವನು ಎಣಿಸಲಿಲ್ಲ. ನನಗೆ ಹಿಡಿಸುವುದು ಅದೇ.

ಇಯರ್‌ಫೋನ್ ಹಾಕಿದರೆ ದಿಕ್ಕೂ ಸೇರಿಕೊಳ್ಳುತ್ತದೆ. ಬಲಗಡೆಯ ಸದ್ದು ಎಡಗಿವಿಗೆ ಹೆಚ್ಚೆಂದರೆ ಸೆಕೆಂಡಿನ ಸಾವಿರದೊಂದು ಪಾಲಿಗಿಂತಲೂ ಕಡಿಮೆ ತಡವಾಗಿ, ತುಸು ಮೆತ್ತಗೆ ತಲುಪುತ್ತದೆ. ಮಿದುಳಿಗೆ ಅಷ್ಟು ಸಾಕು. ಬಾಗಿಲು ಕಿರುಗುಟ್ಟಿದ್ದು ಯಾವ ಕಡೆ ಎಂದು ಹೇಳಿಬಿಡುತ್ತದೆ.

ಇನ್ನು ಕೇಳುಗ ಸುಮ್ಮನಿದ್ದುಬಿಟ್ಟರೆ? ಅಲೆಕ್ಸಾದಂಥ ಮಾತಿನ ಸಾಧನ ಸುಮಾರು 8 ಸೆಕೆಂಡ್ ಕಾಯುತ್ತದೆ, ಆಮೇಲೆ ಮತ್ತೆ ಕೇಳುತ್ತದೆ. ಅದರ ಬದಲು ಆ ಮೌನವನ್ನೇ ಉತ್ತರವೆಂದು ಹಿಡಿಯಬಹುದು. ಪಾಸ್‌ಪಾರ್ತೂ ತಡವರಿಸುತ್ತ ನಿಂತಿದ್ದಾನೆ, ಅಷ್ಟರಲ್ಲಿ ಎಡಗಿವಿಯಿಂದ ಬಲಗಿವಿಗೆ ರೈಲು ಹೊರಟುಹೋಗುತ್ತದೆ.